ಕಣ್ಣಿನ ನೆನಪಲ್ಲಿ ಎಷ್ಟು ಹಿಡಿಯುತ್ತೆ, ಗಮನ ಅದನ್ನ ಹೇಗೆ ಬದಲಾಯಿಸುತ್ತೆ: ಲ್ಯಾಪ್‌ಟಾಪಲ್ಲೇ ಮಾಡಿ ನೋಡಿ

ಕಣ್ಣಿಗೆ ಕಂಡಿದ್ದು ಎದುರಿಂದ ಹೋದ ಮೇಲೂ ಒಂದೆರಡು ಸೆಕೆಂಡು ತಲೇಲಿ ಉಳಿಯುತ್ತಲ್ಲ, ಅದಕ್ಕೆ ವಿಷುಯಲ್ ಶಾರ್ಟ್ ಟರ್ಮ್ ಮೆಮೊರಿ ಅಂತಾರೆ. ಬೋರ್ಡ್ ನೋಡಿ ನೋಟ್‌ಬುಕ್ಕಿಗೆ ಇಳಿಸೋವಾಗ, ಎರಡು ಬಿಲ್ ಪಕ್ಕಪಕ್ಕ ಇಟ್ಟು ತಾಳೆ ನೋಡೋವಾಗ ನಾವು ನಂಬಿರೋದು ಇದನ್ನೇ. ಇದರಲ್ಲಿ ಜಾಗ ತುಂಬಾ ಕಮ್ಮಿ, ದೊಡ್ಡವರಿಗೂ ಸುಮಾರು ಮೂರೋ ನಾಲ್ಕೋ ವಸ್ತು ಅಷ್ಟೇ. ಆ ನಾಲ್ಕು ಯಾವುದು ಅಂತ ತೀರ್ಮಾನ ಮಾಡೋದು ನಮ್ಮ ಗಮನ, ಮತ್ತೆ ನನಗೆ ಇದರಲ್ಲಿ ತುಂಬಾ ಇಷ್ಟ ಆಗೋ ವಿಷಯ ಏನಂದ್ರೆ, ನೋಡಿದ್ದು ಮಾಯ ಆದ ಮೇಲೂ ಗಮನ ತನ್ನ ಕೆಲಸ ಮಾಡುತ್ತೆ. ಇದನ್ನ ಓದಿ ನಂಬೋ ಬದಲು ಮಾಡಿ ನೋಡಬಹುದು, ಪವರ್‌ಪಾಯಿಂಟ್ ಇರೋ ಒಂದು ಲ್ಯಾಪ್‌ಟಾಪು, ಮನೇಲಿ ಯಾರಾದ್ರೂ ಒಬ್ರು ಎದುರಿಗೆ ಕೂತ್ರೆ ಸಾಕು.

ಸ್ಟೀವನ್ ಲಕ್ ಮತ್ತೆ ಎಡ್ವರ್ಡ್ ವೋಗಲ್ 1997ರಲ್ಲಿ ನೇಚರ್ ಪತ್ರಿಕೇಲಿ ಪ್ರಕಟಿಸಿದ ಪ್ರಯೋಗಾನೇ ಸ್ವಲ್ಪ ಸರಳ ಮಾಡ್ಕೊಳ್ಳೋಣ. ಒಂದು ಸುತ್ತಿಗೆ ನಾಲ್ಕು ಸ್ಲೈಡ್ ಬೇಕು. ಬೂದು ಬಣ್ಣದ ಹಿನ್ನೆಲೆ ಇಟ್ಕೊಂಡು ಮೊದಲನೇದರಲ್ಲಿ ಮಧ್ಯಕ್ಕೆ ಬರೀ ಒಂದು ಪ್ಲಸ್ ಗುರುತು, ಎರಡನೇದರಲ್ಲಿ ಆ ಪ್ಲಸ್ ಸುತ್ತ ಬೇರೆ ಬೇರೆ ಬಣ್ಣದ ಆರು ಚೌಕ, ಮೂರನೇದರಲ್ಲಿ ಮತ್ತೆ ಬರೀ ಪ್ಲಸ್, ನಾಲ್ಕನೇದರಲ್ಲಿ ಆ ಆರರಲ್ಲಿ ಒಂದೇ ಒಂದು ಚೌಕ, ಅದು ಮೊದಲಿದ್ದ ಜಾಗದಲ್ಲೇ ಇರಬೇಕು. ಬಣ್ಣ ಮಾತ್ರ ಅರ್ಧ ಸುತ್ತುಗಳಲ್ಲಿ ಅದೇ, ಇನ್ನರ್ಧದಲ್ಲಿ ಆರರಲ್ಲಿ ಎಲ್ಲೂ ಇಲ್ಲದ ಹೊಸ ಬಣ್ಣ. ಟ್ರಾನ್ಸಿಷನ್ಸ್ ಟ್ಯಾಬಿಗೆ ಹೋಗಿ ಎಫೆಕ್ಟ್ ‘None’ (ಯಾವುದೂ ಬೇಡ) ಇಡಿ, ಮೌಸ್ ಕ್ಲಿಕ್ ಟಿಕ್ ತೆಗೆದು ಆಫ್ಟರ್ ಅನ್ನೋದರಲ್ಲಿ ಮೊದಲನೇದಕ್ಕೆ 1 ಸೆಕೆಂಡು, ಚೌಕಗಳಿಗೆ 0.20, ಖಾಲಿ ಸ್ಲೈಡಿಗೆ 1 ಸೆಕೆಂಡು ಕೊಡಿ. ನಾಲ್ಕನೇದು ಮಾತ್ರ ಕ್ಲಿಕ್ ಮಾಡಿದ್ರೇ ಮುಂದಕ್ಕೆ ಹೋಗಲಿ. ಪವರ್‌ಪಾಯಿಂಟು ಲ್ಯಾಬ್ ಸಾಫ್ಟ್‌ವೇರ್ ಥರ ಟೈಮ್ ಕರಾರುವಾಕ್ಕಾಗಿ ಪಾಲಿಸಲ್ಲ, ಮನೆ ಪ್ರಯೋಗಕ್ಕೆ ಪರವಾಗಿಲ್ಲ.

ಎದುರಿಗೆ ಕೂತವರ ಕೆಲಸ ಒಂದೇ, ಬಣ್ಣ ಬದಲಾಯ್ತಾ ಇಲ್ವಾ ಹೇಳೋದು. ಕಣ್ಣು ಪ್ಲಸ್ ಮೇಲೇ ಇರಬೇಕು. ಮತ್ತೆ ಇದನ್ನ ದಯವಿಟ್ಟು ಬಿಡಬೇಡಿ, ನೋಡೋ ಅಷ್ಟು ಹೊತ್ತೂ ಅವರ ಹತ್ರ ಮೆಲ್ಲಗೆ ‘ಲಲಲಲ’ ಅನ್ನಿಸ್ತಾ ಇರಿ, ಇಲ್ಲಾಂದ್ರೆ ‘ಕೆಂಪು, ಹಸಿರು, ಹಳದಿ’ ಅಂತ ಮನಸ್ಸಲ್ಲೇ ಹೇಳ್ಕೊಂಡು ಮಾತಿನ ನೆನಪಲ್ಲಿ ಇಟ್ಕೊಂಡ್‌ಬಿಡ್ತಾರೆ, ಆಗ ನೀವು ಅಳೀತಿರೋದು ಕಣ್ಣಿನ ನೆನಪೇ ಆಗಿರಲ್ಲ.

ಲೆಕ್ಕ ಹೀಗೆ. ಇಪ್ಪತ್ತು ಸುತ್ತು ಮಾಡಿದ್ರಿ, ಹತ್ತರಲ್ಲಿ ಬಣ್ಣ ಬದಲಾಗಿತ್ತು, ಅದರಲ್ಲಿ 8 ಸಲ ‘ಬದಲಾಯ್ತು’ ಅಂದ್ರು. ಬದಲಾಗದೇ ಇದ್ದ ಹತ್ತರಲ್ಲೂ 2 ಸಲ ತಪ್ಪಾಗಿ ‘ಬದಲಾಯ್ತು’ ಅಂದ್ರು. 0.8ರಲ್ಲಿ 0.2 ಕಳೆದು ಚೌಕದ ಸಂಖ್ಯೆ 6ರಿಂದ ಗುಣಿಸಿದ್ರೆ 3.6. ಅಂದ್ರೆ ಆರರಲ್ಲಿ ಮೂರೂವರೆ ಚೌಕದಷ್ಟು ತಲೇಲಿ ಉಳಿದಿತ್ತು ಅಂತ ಅಂದಾಜು. ಇದು ನೆಲ್ಸನ್ ಕೋವನ್ ಅವರ ಸೂತ್ರ, ಸುಮ್ಮನೆ ಊಹೆ ಮಾಡಿ ಹೊಡೆದಿದ್ದನ್ನ ಇದು ಕಳೆದುಹಾಕುತ್ತೆ. ಎರಡು ಚೌಕ ಇಟ್ರೆ ಯಾರೂ ಹೆಚ್ಚುಕಮ್ಮಿ ತಪ್ಪೇ ಮಾಡಲ್ಲ, ಎಂಟು ಇಟ್ರೂ ಲೆಕ್ಕ ಸಾಮಾನ್ಯವಾಗಿ ಇದೇ ಮೂರು ನಾಲ್ಕರ ಹತ್ರಾನೇ ನಿಲ್ಲುತ್ತೆ.

ಈಗ ಗಮನಾನ ಆಟಕ್ಕೆ ತನ್ನಿ. ಮೊದಲು ಚೌಕಗಳು ಬರೋ ಮುಂಚೆ ಪ್ಲಸ್ ಜಾಗದಲ್ಲಿ ಒಂದು ಬಾಣ ತೋರಿಸಿ, ಯಾವ ಜಾಗದ ಬಗ್ಗೆ ಕೇಳ್ತೀರೋ ಅದರ ಕಡೆಗೆ. ತಪ್ಪು ತುಂಬಾ ಕಮ್ಮಿ ಆಗುತ್ತೆ, ಅದರಲ್ಲೇನೂ ಆಶ್ಚರ್ಯ ಇಲ್ಲ. ಆಮೇಲೆ ಆ ಬಾಣವನ್ನ ಮುಂಚೆ ತೋರಿಸದೇ, ಚೌಕಗಳು ಹೋಗಿ ಒಂದು ಸೆಕೆಂಡು ಖಾಲಿ ಬಿಟ್ಟು ತೋರಿಸಿ, ಮತ್ತೆ ಅರ್ಧ ಸೆಕೆಂಡು ಬಿಟ್ಟು ಪ್ರಶ್ನೆಯ ಚೌಕ ಇಡಿ. ಪರದೆ ಮೇಲೆ ಈಗ ನೋಡೋಕೆ ಏನೂ ಇಲ್ಲ, ಆದ್ರೂ ಬಾಣ ಇಲ್ಲದ ಸುತ್ತುಗಳಿಗಿಂತ ಉತ್ತರ ಚೆನ್ನಾಗಿ ಬರುತ್ತೆ! ಐವನ್ ಗ್ರಿಫಿನ್ ಮತ್ತೆ ಅನ್ನಾ ಕ್ರಿಸ್ಟೀನಾ ನೋಬ್ರೆ 2003ರಲ್ಲಿ ತೋರಿಸಿದ್ದು ಇದನ್ನೇ, ನೆನಪಿನ ಒಳಗೇ ಗಮನ ಒಂದು ವಸ್ತುವಿನ ಕಡೆ ತಿರುಗಬಲ್ಲದು ಅಂತ. ಹೋಲಿಕೆ ನ್ಯಾಯವಾಗಿರಬೇಕು ಅಂದ್ರೆ ಬಾಣ ಇಲ್ಲದ ಸುತ್ತಿನಲ್ಲೂ ಅಷ್ಟೇ ಹೊತ್ತು ಕಾಯಿಸಿ.

ಆ ಒಂದು ಸೆಕೆಂಡು ಯಾಕೆ ಅಂತೀರಾ? 1960ರಲ್ಲಿ ಜಾರ್ಜ್ ಸ್ಪರ್ಲಿಂಗ್ ಮೂರು ಸಾಲಲ್ಲಿ 12 ಅಕ್ಷರಗಳನ್ನ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ತೋರಿಸಿದ್ರು. ಎಲ್ಲಾ ಹೇಳಿ ಅಂದ್ರೆ ಜನ ನಾಲ್ಕೈದು ಹೇಳ್ತಿದ್ರು, ಆದ್ರೆ ಅಕ್ಷರ ಮಾಯ ಆದ ತಕ್ಷಣ ಒಂದು ಸ್ವರ ಕೇಳಿಸಿ ‘ಈ ಸಾಲು ಮಾತ್ರ’ ಅಂದ್ರೆ ಯಾವ ಸಾಲಾದ್ರೂ ನಾಲ್ಕರಲ್ಲಿ ಮೂರು ಹೇಳ್ತಿದ್ರು. ನೋಡಿದ ದೃಶ್ಯದ ಅಚ್ಚು ಕ್ಷಣಕಾಲ ಪೂರ್ತಿ ಇರುತ್ತೆ, ಸೆಕೆಂಡು ತುಂಬೋದ್ರೊಳಗೆ ಅಳಿಸಿಹೋಗುತ್ತೆ. ಬಾಣ ಬೇಗ ತೋರಿಸಿದ್ರೆ ನೀವು ಆ ಅಚ್ಚನ್ನ ಅಳೆದಂಗಾಗುತ್ತೆ, ಅದಕ್ಕೇ ಕಾಯಬೇಕು.

ಇನ್ನೊಂದು ಆಟ ಬಾಕಿ ಇದೆ, ಕೆಲಸಕ್ಕೆ ಬರೋದು ಇದೇ. ಮೂರು ಚೌಕ ಇಟ್ಟು ಕೆಲವು ಸುತ್ತು, ಅದೇ ಮೂರರ ಜೊತೆ ಬಣ್ಣದ ಮೂರು ದುಂಡು ಸೇರಿಸಿ ಕೆಲವು ಸುತ್ತು, ‘ದುಂಡಗಿರೋದನ್ನ ಬಿಟ್ಬಿಡಿ’ ಅಂತ ಮೊದಲೇ ಹೇಳಿ. ಎರಡನೇದರಲ್ಲಿ ಅಂಕ ಬಿದ್ರೆ ಬೇಡದ್ದೂ ಒಳಗೆ ನುಗ್ಗಿದೆ ಅಂತ. 2005ರಲ್ಲಿ ವೋಗಲ್ ತಂಡ ಮಿದುಳಿನ ಇಇಜಿ (ತಲೆ ಮೇಲಿಂದ ಅಳೆಯೋ ವಿದ್ಯುತ್ ಅಲೆಗಳು) ನೋಡಿ ಹೇಳಿದ್ದು ಏನಂದ್ರೆ, ನೆನಪು ಕಮ್ಮಿ ಅನ್ನಿಸೋ ಜನ ಹಲವು ಸಲ ಬೇಡದ ವಸ್ತುಗಳನ್ನೂ ತುಂಬ್ಕೊಂಡಿರ್ತಾರೆ, ನೆನಪು ಹೆಚ್ಚಿರೋರು ಅವನ್ನ ಆಚೆ ಇಡ್ತಾರೆ. ‘ನನ್ ಮಗನಿಗೆ ನೆನಪೇ ಇಲ್ಲ’ ಅಂತ ಬೈಯೋ ಅಪ್ಪ ಅಮ್ಮಂದಿರು ಇದನ್ನ ಒಂದ್ಸಲ ಯೋಚನೆ ಮಾಡಬೇಕು ಅಂತ ನನಗೆ ತುಂಬಾ ಅನ್ಸುತ್ತೆ.

ಮೆಮೊರಿ ಹೆಚ್ಚಿಸ್ತೀವಿ ಅನ್ನೋ ಆ್ಯಪ್‌ಗಳಿಗೆ ದುಡ್ಡು ಹಾಕಬೇಡಿ, ಆಡ್ತಾ ಆಡ್ತಾ ಆ ಆಟದಲ್ಲಿ ಚುರುಕಾಗ್ತೀರಿ, ಬೇರೆ ಕೆಲಸಕ್ಕೆ ಅದು ಅಷ್ಟಾಗಿ ಬರಲ್ಲ. ಅದರ ಬದಲು ನೋಡೋ ಮುಂಚೆ ಏನು ಬೇಕು ಅಂತ ತೀರ್ಮಾನ ಮಾಡಿ. ಎರಡು ಬಿಲ್ ತಾಳೆ ನೋಡೋವಾಗ ಒಂದು ಸುತ್ತು ಬರೀ ತಾರೀಖು, ಇನ್ನೊಂದು ಸುತ್ತು ಬರೀ ಮೊತ್ತ. ಬೋರ್ಡಿಂದ ಇಳಿಸೋವಾಗ ಒಂದು ನೋಟಕ್ಕೆ ಮೂರ್ನಾಲ್ಕು ತುಣುಕು ಸಾಕು, ಮತ್ತೆ ತಲೆ ಎತ್ತಿದ್ರಾಯ್ತು. ಮೇಷ್ಟ್ರಾಗಿದ್ರೆ ಸ್ಲೈಡಲ್ಲಿ ಹೃದಯದ ಚಿತ್ರ ಹಾಕೋ ಮುಂಚೆಯೇ ‘ಎಡಗಡೆ ಕವಾಟ ನೋಡಿ’ ಅಂತ ಹೇಳಿಬಿಡಿ, ಹೇಳೋದು ಮರೆತು ಸ್ಲೈಡ್ ಮುಂದಕ್ಕೆ ಹೋಗಿದ್ರೆ ಆ ಕೂಡಲೇ ಹೇಳಿ, ಆಗಲೂ ಸ್ವಲ್ಪ ಉಪಯೋಗ ಇದೆ.