ಲಾಕ್‌ಡೌನ್ ಥರದ ಕಾಲದಲ್ಲಿ ಬಸುರಿ, ಮಗು, ವಯಸ್ಸಾದವರ ಊಟ ನೋಡ್ಕೊಳ್ಳೋದು ಹೇಗೆ

2020 ಮಾರ್ಚ್ ಕೊನೇಲಿ ಲಾಕ್‌ಡೌನ್ ಆದಾಗ ಚಿಂತಾಮಣಿ ತಾಲ್ಲೂಕಿನ ನಮ್ಮ ಹಳ್ಳಿಲಿ ಒಂದು ಹತ್ತು ಜನ ಸೇರ್ಕೊಂಡು ದುಡ್ಡು ಹಾಕಿ ಮನೆಮನೆಗೂ ಕಿಟ್ ಹಂಚಿದ್ವಿ. ಅಕ್ಕಿ, ಎಣ್ಣೆ, ಸಕ್ಕರೆ, ರವೆ, ಟೀಪುಡಿ. ಎರಡು ವಾರ ಬಿಟ್ಟು ಒಂದು ಮನೆಗೆ ಹೋದ್ರೆ ಏಳು ತಿಂಗಳ ಬಸುರಿ ಹುಡುಗಿ ಅನ್ನಕ್ಕೆ ನೀರುಮಜ್ಜಿಗೆ ಹಾಕ್ಕೊಂಡು ಉಪ್ಪಿನಕಾಯಿ ನೆಂಚ್ಕೊಂಡು ತಿಂತಾ ಕೂತಿದ್ಲು. ಅಂಗನವಾಡಿಯಿಂದ ಅವಳ ಹೆಸರಿಗೆ ಬಂದಿದ್ದ ಬೇಳೆ, ಮೊಟ್ಟೆ, ಕಡ್ಲೆಬೀಜ ಮನೇಲಿದ್ದ ಎಂಟು ಜನಕ್ಕೆ ಮೂರೇ ದಿನಕ್ಕೆ ಖಾಲಿ ಆಗಿತ್ತು. ಯಾರದ್ದೂ ತಪ್ಪಲ್ಲ, ಕೂಲಿ ನಿಂತು ಎಲ್ಲರಿಗೂ ಹಸಿವಿತ್ತು. ಮುಂಚೆ ಆದ್ರೆ ಮಾತೃಪೂರ್ಣ ಯೋಜನೆಲಿ (2017ರ ಅಕ್ಟೋಬರ್ 2ಕ್ಕೆ ಶುರುವಾಗಿದ್ದು) ಅಂಗನವಾಡಿಗೇ ಹೋಗಿ ಬಿಸಿ ಊಟ ಮಾಡ್ಕೊಂಡು ಬರ್ತಿದ್ಲು, ಅದು ಅವಳ ಹೊಟ್ಟೆಗೇ ಹೋಗ್ತಿತ್ತು, ಕೇಂದ್ರ ಮುಚ್ಚಿ ರೇಷನ್ ಮನೆಗೆ ಬಂದ ತಕ್ಷಣ ಅದು ಮನೆಯವರೆಲ್ಲರ ರೇಷನ್ ಆಗೋಯ್ತು. ಸ್ಕೂಲ್ ಬಿಸಿಯೂಟದ ಕಥೆನೂ ಇದೇ.

ಅದಕ್ಕೇ ಹೇಳ್ತಿರೋದು, ಇನ್ನೊಂದ್ಸಲ ಇಂಥ ಕಾಲ ಬಂದ್ರೆ ಮನೆ ಲೆಕ್ಕದಲ್ಲಿ ಹಂಚ್ಬೇಡಿ, ತಟ್ಟೆ ಲೆಕ್ಕದಲ್ಲಿ ಹಂಚಿ.

ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ಊರಿನ ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ಇಬ್ಬರನ್ನೂ ಕೂರಿಸ್ಕೊಂಡು ಊರಲ್ಲಿ ಬಸುರಿಯರು, ಬಾಣಂತಿಯರು, ಐದು ವರ್ಷದೊಳಗಿನ ಮಕ್ಕಳು, ಒಂಟಿಯಾಗಿರೋ ಮುದುಕ ಮುದುಕಿಯರು, ಟಿಬಿ ಮಾತ್ರೆ ತಗೊಳ್ಳೋರು, ಶುಗರ್ ಇರೋರು ಯಾರ್ಯಾರು ಅಂತ ಬರ್ಕೊಳ್ಳಿ. ಟಿಬಿ ಇರೋರ ಹೆಸರು ಮಾತ್ರ ಆಶಾ ಹತ್ರನೇ ಇರ್ಲಿ, ಊರೆಲ್ಲಾ ಗೊತ್ತಾಗೋ ಹಾಗೆ ಮಾಡ್ಬೇಡಿ. ಇಟ್ಟಿಗೆ ಗೂಡು, ಕೋಳಿ ಫಾರಂ, ರೇಷ್ಮೆ ಕೆಲಸಕ್ಕೆ ಅಂತ ಹೊರಗಿಂದ ಬಂದಿರೋರು ಲಿಸ್ಟಲ್ಲಿ ಯಾವಾಗ್ಲೂ ಬಿಟ್ಟೋಗ್ತಾರೆ, ಅವರನ್ನ ನೀವೇ ಹುಡ್ಕೊಂಡು ಹೋಗ್ಬೇಕು.

ಕಿಟ್‌ಗೆ ಬಂದ್ರೆ, ಅಕ್ಕಿ ರಾಗಿ ಹೆಂಗೋ ರೇಷನ್ನಲ್ಲಿ ಬರತ್ತೆ, ನಿಮ್ಮ ದುಡ್ಡನ್ನ ಅದಕ್ಕೆ ಹಾಕ್ಬೇಡಿ. ನಾಲ್ಕು ಜನರ ಮನೆಗೆ ಹದಿನೈದು ದಿನಕ್ಕೆ ತೊಗರಿಬೇಳೆ 2 ಕೆಜಿ, ಹುರುಳಿ 1 ಕೆಜಿ, ಅಲಸಂದೆನೋ ಹೆಸರುಕಾಳೋ 1 ಕೆಜಿ, ಕಡ್ಲೆಬೀಜ 1 ಕೆಜಿ, ಅರ್ಧ ಕೆಜಿ ಬೆಲ್ಲ, ಒಂದು ಲೀಟರ್ ಎಣ್ಣೆ, ಅಯೋಡಿನ್ ಉಪ್ಪು. ಇದ್ರಲ್ಲಿ ಬೇಳೆಕಾಳು, ಕಡ್ಲೆಬೀಜ ಸೇರಿ ಒಬ್ಬರಿಗೆ ದಿನಕ್ಕೆ ಸುಮಾರು 80 ಗ್ರಾಂ ಬೀಳತ್ತೆ. ಅದರ ಮೇಲೆ 30 ಮೊಟ್ಟೆ, ಬಸುರಿಗೆ ದಿನಕ್ಕೊಂದು, ಚಿಕ್ಕ ಮಗುಗೊಂದು, ಹದಿನೈದು ದಿನಕ್ಕೆ ಸರಿಹೋಗತ್ತೆ. ಆದ್ರೆ ಬೇಸಿಗೇಲಿ ಒಟ್ಟಿಗೆ ಕೊಡ್ಬೇಡಿ, ವಾರಕ್ಕೊಂದ್ಸಲ ಹದಿನೈದು ಕೊಡಿ, ಕೆಡೋದೂ ಇಲ್ಲ, ನೆಂಟರಿಗೆ ಬುರ್ಜಿ ಆಗೋದೂ ಇಲ್ಲ. ಟ್ರೇ ಮೇಲೆ ಆ ಇಬ್ಬರ ಹೆಸರು ಬರೆದು ಅತ್ತೆ ಕೈಗೇ ಕೊಟ್ಟು, "ಅಮ್ಮಾ ಇದು ನಿಮ್ಮ ಮೊಮ್ಮಗುಗೆ, ನೀವೇ ಬೇಯಿಸಿ ಕೊಡ್ಬೇಕು" ಅಂತ ಹೇಳಿ. ಸೊಸೆಗೆ ಹೇಳಿದ್ರೆ ಅವಳು ಗಂಡಂಗೆ ಬಡಿಸಿ ತಾನು ಸುಮ್ಮನಾಗ್ತಾಳೆ, ಅತ್ತೆ ಮನಸ್ಸು ಮಾಡಿದ್ರೆ ಮಾತ್ರ ಅವಳ ತಟ್ಟೆಗೆ ಬೀಳೋದು. ಚೇಳೂರು, ಬಾಗೇಪಲ್ಲಿ ಕಡೆ ಆದ್ರೆ ಇದನ್ನ ತೆಲುಗಲ್ಲೇ ಹೇಳಿ, ಬೇಗ ನಾಟತ್ತೆ. ಮೊಟ್ಟೆ ತಿನ್ನದ ಮನೆಗೆ ಹಾಲು, ಇನ್ನೊಂದಿಷ್ಟು ಕಡ್ಲೆಬೀಜ ಜಾಸ್ತಿ ಕೊಡಿ. ತರಕಾರಿನ ಊರ ರೈತರ ಹತ್ರನೇ ತಗೊಳ್ಳಿ, ಆ ವರ್ಷ ನಮ್ಮ ಕಡೆ ಟೊಮೊಟೊ ಕೇಳೋರಿಲ್ದೆ ಹೊಲದಲ್ಲೇ ಕೊಳೀತಿತ್ತು, ಪಕ್ಕದ ಬೀದಿಲಿ ಜನ ಬರೀ ಅನ್ನ ತಿಂತಿದ್ರು, ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯತ್ತೆ. ನುಗ್ಗೆಸೊಪ್ಪು, ದಂಟು, ಹೊಲದ ಬೆರಕೆಸೊಪ್ಪು ದುಡ್ಡಿಲ್ದೇ ಸಿಗತ್ತೆ.

ಬಸುರಿಯರ ಮಾತ್ರೆ ನಿಲ್ಲಬಾರದು, ಆಸ್ಪತ್ರೆಗೆ ಹೋಗೋಕಾಗಲ್ಲ ಅಂದ್ರೆ ಆಶಾಗೆ ಹೇಳಿ ಮನೆಗೆ ತರಿಸಿ. ಕಬ್ಬಿಣದ ಮಾತ್ರೆ ನಾಲ್ಕನೇ ತಿಂಗಳಿಂದ ದಿನಕ್ಕೊಂದು, 180 ದಿನ, ಹೆರಿಗೆ ಆದ್ಮೇಲೆ ಇನ್ನೂ 180 ದಿನ. ಟೀ, ಕಾಫಿ, ಹಾಲಿನ ಜೊತೆ ತಗೊಂಡ್ರೆ ಮೈಗೆ ಹತ್ತಲ್ಲ, ನಿಂಬೆಹಣ್ಣಿನ ನೀರಿನ ಜೊತೆ ಒಳ್ಳೇದು, ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ. ಕಕ್ಕಸು ಕಪ್ಪಗೆ ಆಗತ್ತೆ ಅಂತ ಹೆದರಿ ತುಂಬಾ ಜನ ಬಿಟ್ಬಿಡ್ತಾರೆ, ಅದು ಮಾತ್ರೆಯಿಂದನೇ, ಏನೂ ಆಗಲ್ಲ ಅಂತ ಧೈರ್ಯ ಹೇಳಿ. ಬಾಣಂತಿಗೆ ನೀರು ಕಮ್ಮಿ, ಸೊಪ್ಪು ಬೇಡ ಅನ್ನೋ ಪಥ್ಯ ಇಂಥ ಟೈಮಲ್ಲಿ ದಯವಿಟ್ಟು ಬಿಡಿಸಿ, ಹಾಲು ಕುಡಿಸೋ ಮೈಗೆ ಎರಡೂ ಬೇಕು. ತಾಯಿಗೆ ಕೊರೊನಾ ಬಂದ್ರೂ ಮಾಸ್ಕ್ ಹಾಕ್ಕೊಂಡು ಕೈ ತೊಳ್ಕೊಂಡು ಎದೆಹಾಲು ಕೊಡಬಹುದು, ವಿಶ್ವ ಆರೋಗ್ಯ ಸಂಸ್ಥೆನೂ ಅದನ್ನೇ ಹೇಳಿತ್ತು.

ಮಗುಗೆ ಆರು ತಿಂಗಳು ತುಂಬೋವರೆಗೂ ಎದೆಹಾಲು ಮಾತ್ರ. ಆಮೇಲೆ ನಮ್ಮ ರಾಗಿಸರಿನೇ ಸಾಕು, ಡಬ್ಬಿ ಪುಡಿಗೆ ಸಾಲ ಮಾಡೋದು ಬೇಡ. ರಾಗಿ ರಾತ್ರಿ ನೆನೆಸಿ, ಬಟ್ಟೇಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿ ಜರಡಿ ಹಿಡೀರಿ. ಮೊಳಕೆ ಬಂದ ರಾಗಿ ಗಂಜಿ ಅಷ್ಟು ಗಟ್ಟಿ ಆಗಲ್ಲ, ಅದಕ್ಕೆ ಅಷ್ಟೇ ನೀರಿಗೆ ಜಾಸ್ತಿ ಹಿಟ್ಟು ಹಾಕಬಹುದು, ಪುಟ್ಟ ಹೊಟ್ಟೆಗೆ ಜಾಸ್ತಿ ಶಕ್ತಿ ಹೋಗತ್ತೆ. ಚಮಚದಿಂದ ನೀರಂಗೆ ಸುರಿದ್ರೆ ಅದು ತೆಳು ಆಯ್ತು ಅಂತ. ಒಂದು ಚಮಚ ತುಪ್ಪನೋ ಎಣ್ಣೆನೋ ಸೇರಿಸಿ. ವರ್ಷ ತುಂಬೋವರೆಗೂ ಜೇನುತುಪ್ಪ ನೆಕ್ಕಿಸ್ಬೇಡಿ.

ಆರು ತಿಂಗಳಿಂದ ಐದು ವರ್ಷದ ಮಕ್ಕಳ ಮೇಲ್ತೋಳಿನ ಸುತ್ತಳತೆನ ಅಂಗನವಾಡಿ ಟೇಪಲ್ಲಿ ಅಳೆಸಿ. 11.5 ಸೆಂ.ಮೀ.ಗಿಂತ ಕಮ್ಮಿ ಬಂದ್ರೆ, ಇಲ್ಲಾ ಎರಡೂ ಪಾದ ಊದಿ ಬೆರಳಿಂದ ಒತ್ತಿದ್ರೆ ಗುಳಿ ಬೀಳ್ತಾ ಇದ್ರೆ, ಮನೆ ಊಟದಲ್ಲಿ ಸರಿಮಾಡ್ತೀವಿ ಅಂತ ಕಾಯ್ಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ (ತೀರಾ ಸೊರಗಿದ ಮಕ್ಕಳನ್ನ ಇಟ್ಕೊಂಡು ನೋಡ್ಕೊಳ್ಳೋ ಕೇಂದ್ರ) ಸೇರಿಸೋದನ್ನ ಕೇಳಿ. ಬೇಧಿ ಆದ್ರೆ ಓಆರ್‌ಎಸ್, ಜೊತೆಗೆ ಜಿಂಕ್ ಮಾತ್ರೆ 14 ದಿನ, ಊಟ ಮಾತ್ರ ನಿಲ್ಲಿಸ್ಬೇಡಿ.

ವಯಸ್ಸಾದವರ ವಿಷ್ಯ ಯಾರೂ ಗಮನಿಸಲ್ಲ. ಬಸ್ಸಾರು ಮಾಡ್ತೀವಿ, ಕಾಳು ಸೊಪ್ಪು ಬಸಿದು ಪಲ್ಯ ಮಾಡ್ತೀವಿ, ಹಲ್ಲಿಲ್ಲದ ಅಜ್ಜಿ ಪಲ್ಯ ಪಕ್ಕಕ್ಕೆ ತಳ್ಳಿ ಮುದ್ದೆ ಜೊತೆ ಕಟ್ಟಿನ ಸಾರು ಮಾತ್ರ ನುಂಗ್ತಾಳೆ, ಸತ್ವ ಎಲ್ಲಾ ತಟ್ಟೆ ಅಂಚಲ್ಲೇ ಉಳಿಯತ್ತೆ. ಅವಳ ಪಾಲಿನ ಕಾಳನ್ನ ಮಸ್ಸೊಪ್ಪಿನ ಥರ ಚೆನ್ನಾಗಿ ಮಸೆದು ಸಾರಿಗೇ ಸೇರಿಸಿ. ಜ್ವರದಲ್ಲಿ ಬಾಯಿರುಚಿ ಕೆಟ್ಟಿದ್ರೆ ಸ್ವಲ್ಪ ನಿಂಬೆ, ಬೆಳ್ಳುಳ್ಳಿ ಒಗ್ಗರಣೆ ಹಾಕಿ ಸ್ವಲ್ಪಸ್ವಲ್ಪನೇ ಐದಾರು ಸಲ ಕೊಡಿ. ಶುಗರ್ ಇರೋರು ಉಪವಾಸ ಇರಬಾರದು, ಊಟ ಸೇರ್ತಿಲ್ಲ ಅಂತ ಮಾತ್ರೆ, ಇನ್ಸುಲಿನ್ ತಾವೇ ನಿಲ್ಲಿಸಬಾರದು, ಡಾಕ್ಟರಿಗೆ ಫೋನ್ ಮಾಡಿ ಕೇಳ್ಬೇಕು.

ಟಿಬಿ ಇರೋರಿಗೆ ನಿಕ್ಷಯ್ ಪೋಷಣ್ ಯೋಜನೆಲಿ 2018ರಿಂದ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರಿಂದ 1000 ಮಾಡಿದ್ದಾರೆ, ಅಕೌಂಟಿಗೆ ಬರ್ತಿದ್ಯಾ ಅಂತ ವಿಚಾರಿಸಿ. ಅವರ ಮನೆಯವರಿಗೂ ಕಾಳು ಕೊಡಿ. ಜಾರ್ಖಂಡಲ್ಲಿ ಮಾಡಿ 2023ರಲ್ಲಿ ಪ್ರಕಟ ಆದ ಅಧ್ಯಯನದಲ್ಲಿ ಹಂಗೆ ಆಹಾರ ಕೊಟ್ಟ ಮನೆಗಳಲ್ಲಿ ಬೇರೆಯವರಿಗೆ ಟಿಬಿ ಬರೋದು ಸುಮಾರು ಶೇ. 40 ಕಮ್ಮಿ ಆಗಿತ್ತು.

ರೇಷನ್ ಅಂಗಡೀಲಿ ತೊಂದ್ರೆ ಆದ್ರೆ 1967, ಮಕ್ಕಳಿಗೆ ತೊಂದ್ರೆ ಅಂದ್ರೆ 1098, ಆಂಬುಲೆನ್ಸ್ 108. ಇನ್ನೊಂದು ಮರೀಬೇಡಿ, ನೀರು. ನಮ್ಮ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇರತ್ತೆ, ಅದಕ್ಕೇ ಕುಡಿಯೋಕೆ ಶುದ್ಧ ನೀರಿನ ಘಟಕದಿಂದ ತರ್ತೀವಿ. ಕ್ವಾರಂಟೈನ್ ಆದ ಮನೆಯವರು ಘಟಕಕ್ಕೆ ಬರೋ ಹಾಗಿಲ್ಲ, ಅವರು ಬೋರಿನ ನೀರೇ ಕುಡ್ಕೊಂಡು ಇರ್ತಾರೆ, ಬಾಯ್ಬಿಟ್ಟು ಕೇಳಲ್ಲ. ಕಿಟ್ ಇಡೋವಾಗ ಇಪ್ಪತ್ತು ಲೀಟರ್ ಕ್ಯಾನ್ ಒಂದನ್ನ ಅವರ ಬಾಗಿಲ ಹತ್ರ ಇಟ್ಟು, ಕೂಗಿ ಹೇಳಿ ಬನ್ನಿ.