ಉಂಬಳದ ಬಾಯಿ ಕಟ್ಟಿ ಕೊಡಚಾದ್ರಿ ಹತ್ತಿದ್ದು

ಕಳೆದ ಅಕ್ಟೋಬರಿನಲ್ಲಿ ನಿಟ್ಟೂರು ಕಡೆಯಿಂದ ಹಿಡ್ಲುಮನೆ ಜಲಪಾತದ ದಾರಿ ಹಿಡಿದು ಶಿವಮೊಗ್ಗ ಜಿಲ್ಲೆಯ ಕೊಡಚಾದ್ರಿ ಬೆಟ್ಟ ಹತ್ತಿದೆವು. ಆರು ಜನ ಇದ್ದೆವು. ಮೇಲೆ ಹೋಗಿ ಶೂ ಬಿಚ್ಚಿದಾಗ ಐದು ಜನರ ಕಾಲಲ್ಲಿ ರಕ್ತ. ನನಗೆ ಒಂದೇ ಒಂದು ಉಂಬಳ (ರಕ್ತ ಹೀರುವ ಜಿಗಣೆ), ಅದೂ ಕುತ್ತಿಗೆಯಲ್ಲಿ. ಕಾಲಿನ ಲೆಕ್ಕಕ್ಕೆ ಅದು ಬರಲ್ಲ. ಹೊಗೆಸೊಪ್ಪಿನಿಂದ ಉಂಬಳ ತಡೆಯಲು ಹೊರಟ ನನ್ನನ್ನು "ಬಂದ್ರು ಹೊಗೆಸೊಪ್ಪಿನ ಪಂಡಿತ್ರು" ಅಂತ ಆಡಿಕೊಂಡವರ ಮುಂದೆ ಪ್ಯಾಂಟ್ ಮಡಚಿ ತೋರಿಸಿದ್ದೇನೆ, ಅದಕ್ಕೇ ಇದನ್ನು ಬರೆಯುತ್ತಿರುವುದು.

ಮೊದಲ ಸಲ ಹೋಗಿದ್ದು 2019ರ ಜುಲೈ. ಎಲ್ಲರ ಹಾಗೆ ಉಪ್ಪಿನ ಪೊಟ್ಟಣ ಹಿಡಿದು ಹೋಗಿದ್ದೆ. ಆ ಮಳೆಗೆ ಹತ್ತು ನಿಮಿಷದಲ್ಲಿ ಉಪ್ಪು ಕರಗಿ ಶೂ ಒಳಗೆ ಇಳಿಯಿತು, ತರಚಿದ ಕಡೆಯೆಲ್ಲ ಉರಿ. 23ವರೆಗೆ ಎಣಿಸಿ ಬಿಟ್ಟೆ. ವಾಪಸ್ ಬಂದು ಆನ್‌ಲೈನಿನಲ್ಲಿ ಉಂಬಳದ ಕಾಲುಚೀಲ ತರಿಸಿದೆ, ಎರಡು ಜೊತೆಗೆ 900 ರೂಪಾಯಿ ಆಸುಪಾಸು. ಬಟ್ಟೆಯೊಳಗೆ ತೂರಲ್ಲ ನಿಜ, ಆದರೆ ಅದರ ಮೇಲೆ ಸಲೀಸಾಗಿ ಹತ್ತುತ್ತಾ ಮಂಡಿ ದಾಟಿ ತೊಡೆಗೆ ಹೋಗುತ್ತವೆ. ಪಾದದಲ್ಲಿ ಕಚ್ಚಿಸಿಕೊಳ್ಳುವುದೇ ವಾಸಿ ಅಲ್ವಾ? ಒಂದು ಸ್ಪ್ರೇಗೂ 380 ಕೊಟ್ಟೆ. ಘಮ ಚೆನ್ನಾಗಿತ್ತು, ಅಷ್ಟೇ.

ಹೊಗೆಸೊಪ್ಪಿನ ಯೋಚನೆ ಹೊಸದೇನಲ್ಲ, ಮಲೆನಾಡಿನಲ್ಲಿ ಗದ್ದೆ ತೋಟಕ್ಕೆ ಇಳಿಯುವವರು ಸುಣ್ಣ, ಹೊಗೆಸೊಪ್ಪು ಹಚ್ಚಿಕೊಳ್ಳುವುದು ನಿಮಗೆಲ್ಲ ಗೊತ್ತು. ನಾನು ಅತಿ ಬುದ್ಧಿವಂತಿಕೆ ಮಾಡಿದೆ. 2022ರ ಸೆಪ್ಟೆಂಬರಿನಲ್ಲಿ ಹೊಗೆಸೊಪ್ಪು ಕುದಿಸಿದ ನೀರಲ್ಲಿ ಮಾಮೂಲಿ ಸಾಕ್ಸನ್ನೇ ಅದ್ದಿ, ಒಣಗಿಸಿ, ಬರಿಗಾಲಿಗೆ ಹಾಕಿಕೊಂಡೆ. ಮಳೆಗೆ ಒದ್ದೆಯಾಗಿ ಅದೆಲ್ಲ ಚರ್ಮಕ್ಕೆ ಇಳಿಯಿತು. ಜಲಪಾತ ಮುಟ್ಟುವ ಹೊತ್ತಿಗೆ ತಲೆ ಸುತ್ತು, ಎರಡು ಸಲ ವಾಂತಿ. ನಿಕೋಟಿನ್ ಚರ್ಮದಿಂದಲೂ ಒಳಗೆ ಹೋಗುತ್ತದೆ ಅಂತ ಹೊಳೆದಿದ್ದು ಆಮೇಲೆ. ಅಲ್ಲಿಂದಲೇ ವಾಪಸ್. ಬಸ್ಸು, ಊಟ, ಉಳಿಯಲು ಗೊತ್ತು ಮಾಡಿದ ಮನೆಯವರಿಗೆ ಕೊಟ್ಟ ಅಡ್ವಾನ್ಸ್ ಎಲ್ಲ ಸೇರಿ ತಲೆಗೆ ಎರಡು ಸಾವಿರದ ಮೇಲೆ ಹೋಯಿತು, ನನ್ನಿಂದಾಗಿ ಐದು ಜನರದ್ದೂ. ಆ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಅವತ್ತು ಉಳಿದುಕೊಂಡ ಮನೆಯ ಅಜ್ಜಿ ಮಜ್ಜಿಗೆ ಕೊಟ್ಟು ನಕ್ಕಿದ್ದರು. "ಅಲ್ಲ ಮಾರಾಯ, ಉಂಬಳದ ಬಾಯಿ ಕಟ್ಟು ಅಂದ್ರೆ ನಿನ್ ಹೊಟ್ಟೆ ತೊಳೆಸ್ಕೊಂಡ್ಯಲ್ಲ." ಆಮೇಲೆ ಮೂಕಾಸುರನ ಕಥೆ ಶುರುವಾಯಿತು. ತಪಸ್ಸು ಮಾಡಿದ ಅಸುರ ವರ ಕೇಳುವ ಹೊತ್ತಿಗೆ ಸರಿಯಾಗಿ ದೇವಿ ಅವನ ಬಾಯಿ ಕಟ್ಟಿದಳು, ಅವನು ಮೂಕನಾದ, ಕೊಂದವಳು ಮೂಕಾಂಬಿಕೆಯಾದಳು. ಬೆಟ್ಟದ ಮೇಲೆ ಮೂಲ ಮೂಕಾಂಬಿಕೆ ಗುಡಿ ಮುಂದೆ ಒಂದು ಉದ್ದ ಕಬ್ಬಿಣದ ಕಂಬ ಇದೆಯಲ್ಲ, ಅದೇ ಅವನನ್ನು ಕೊಂದ ತ್ರಿಶೂಲವಂತೆ. ಅಜ್ಜಿ ಹೇಳಿದ್ದರಲ್ಲಿ ನನಗೆ ಅಂಟಿಕೊಂಡಿದ್ದು ಒಂದೇ: ವರ ಕೇಳುವ ಹೊತ್ತಿಗೆ ಸರಿಯಾಗಿ. ಇಡೀ ಕಾಲಿಗೆ ಯಾಕೆ ಔಷಧಿ? ಉಂಬಳ ಹತ್ತುವ ದಾರಿಯಲ್ಲಿ ಎರಡು ಕಡೆ ಬೇಲಿ ಹಾಕಿದರೆ ಸಾಕು.

ಹಾಸಿಗೆಗೆ ಬೂರುಗದ ಹತ್ತಿ ತುಂಬುತ್ತಾರಲ್ಲ, ಆ ಒತ್ತಾದ ಬಟ್ಟೆ ತಂದೆ. ಮಂಡಿವರೆಗೆ ಬರುವ ಚೀಲ ಹೊಲಿಯಲು ಟೈಲರ್ 60 ರೂಪಾಯಿ ತೆಗೆದುಕೊಂಡ, ಬಟ್ಟೆ 50, ಹೊಗೆಸೊಪ್ಪು 30ರಿಂದ 40. ಒಂದು ಜೊತೆ 150ರೊಳಗೆ ಮುಗಿಯಿತು. ಒಳಗೆ ಮಾಮೂಲಿ ಸಾಕ್ಸ್, ಅದರ ಮೇಲೆ ಪ್ಯಾಂಟ್, ಪ್ಯಾಂಟಿನ ಮೇಲೆ ಈ ಚೀಲ. ಶೂ ಬಾಯಿಯ ಹತ್ತಿರ ಒಂದು ಪಟ್ಟಿ, ಮಂಡಿ ಕೆಳಗೆ ನಾಲ್ಕು ಬೆರಳಗಲ ಇನ್ನೊಂದು ಪಟ್ಟಿ, ಅಷ್ಟಕ್ಕೆ ಮಾತ್ರ ಹೊಗೆಸೊಪ್ಪಿನ ಕಷಾಯ. ಚರ್ಮಕ್ಕೆ ಎಲ್ಲೂ ತಾಗಬಾರದು. ಮಳೆಗೆ ತೊಳೆದು ಹೋಗದಿರಲು ಕಷಾಯಕ್ಕೆ ದಪ್ಪ ಅನ್ನದ ಗಂಜಿ ಸೇರಿಸಿ, ಮೂರು ಸಲ ಬಳಿದು, ನೆರಳಲ್ಲಿ ಒಣಗಿಸಿದೆ. ಗಂಜಿ ಜೊತೆ ಇನ್ನೊಂದು ವಸ್ತುವೂ ಬೀಳುತ್ತದೆ. ಅದು ಏನು ಅಂತ ಹೇಳಲ್ಲ, ಎಲ್ಲರ ಅಡುಗೆಮನೆಯಲ್ಲೂ ಇದೆ, ನೀವೂ ಸ್ವಲ್ಪ ಒದ್ದಾಡಿ. ಹಳ್ಳ ದಾಟುವಾಗ ಚೀಲ ಬಿಚ್ಚಿ ಪ್ಲಾಸ್ಟಿಕ್ ಕವರಿಗೆ ಹಾಕಿ. ಹೊಗೆಸೊಪ್ಪಿನ ನೀರು ಮೀನಿಗೆ ವಿಷ.

ಸುಮ್ನೆ ನೋಡೋಣ ಅಂತ ಹೊರಡುವ ಮುಂಚೆ ಮನೆ ಹಿಂದಿನ ತೋಟದಲ್ಲಿ ಎಡಗಾಲಿನ ಪಟ್ಟಿಗೆ ಕಡ್ಡಿಪುಡಿಯ (ಪುಡಿ ಹೊಗೆಸೊಪ್ಪು) ಕಷಾಯ, ಬಲಗಾಲಿನದಕ್ಕೆ ಎಲೆ ಹೊಗೆಸೊಪ್ಪಿನ ಕಷಾಯ ಬಳಿದು ಒಂದು ಗಂಟೆ ನಿಂತಿದ್ದೆ. ಎಡಗಡೆ ಐದೋ ಆರೋ ಪಟ್ಟಿ ದಾಟಿದವು, ಬಲಗಡೆ ಒಂದೂ ಇಲ್ಲ. ಬೇವಿನೆಣ್ಣೆಯನ್ನೂ ನೋಡಿದೆ. ಉಂಬಳ ಓಡಲಿಲ್ಲ, ಹೆಂಡತಿ ಓಡಿದಳು.

ನಡೆಯುವ ಕ್ರಮವೂ ಮುಖ್ಯ. ನಿಲ್ಲಬಾರದು. ಶಂಕರಾಚಾರ್ಯರ ಹಿಂದೆ ದೇವಿ ಹೊರಟಾಗ ತಿರುಗಿ ನೋಡಬೇಡ ಅಂದಿದ್ದಳಂತೆ, ಗೆಜ್ಜೆ ಸದ್ದು ನಿಂತಿತು ಅಂತ ಅವರು ತಿರುಗಿದರು, ಅವಳು ಕೊಲ್ಲೂರಲ್ಲೇ ನಿಂತಳು. ನಮ್ಮ ಗುಂಪಿನಲ್ಲಿ ಒಬ್ಬ ಫೋಟೋಗೆ ಅಂತ ಹತ್ತು ಹೆಜ್ಜೆಗೊಮ್ಮೆ ತಿರುಗಿ ನಿಲ್ಲುತ್ತಿದ್ದ. ಹದಿನೇಳು ಉಂಬಳ.

ಬೆಳಗ್ಗೆ ಆರೂವರೆಗೆ ಹೊರಟವರು ಮಧ್ಯಾಹ್ನ ಒಂದರ ಸುಮಾರಿಗೆ ಗುಡಿ ಮುಟ್ಟಿದೆವು. ತುದಿಯಲ್ಲಿರುವ ಶಂಕರಾಚಾರ್ಯರ ಹೆಸರಿನ ಕಲ್ಲಿನ ಗುಡಿ, ಸರ್ವಜ್ಞ ಪೀಠದ ಹತ್ತಿರ ಮಂಜು, 1343 ಮೀಟರ್ ಎತ್ತರದಲ್ಲಿ ನಿಂತರೂ ಸಮುದ್ರ ಕಾಣಲಿಲ್ಲ. ಅಷ್ಟು ಮಳೆ ತಿಂದರೂ ಆ ಕಬ್ಬಿಣದ ಕಂಬ ತುಕ್ಕು ಹಿಡಿದು ಉದುರಿಲ್ಲ, ಅದರ ಗಂಜಿ ಯಾವುದೋ! ಇಳಿಯಲು ಜೀಪ್, ತಲೆಗೆ ಸುಮಾರು 400. ಆ ದಾರಿಯಲ್ಲಿ ಬೆನ್ನು ಮುರಿಯುವುದಕ್ಕಿಂತ ಉಂಬಳವೇ ಒಳ್ಳೆಯದು ಅನ್ನಿಸಿತು.

ಸಂಜೆ ಅಜ್ಜಿ ಕೊಡಸಿಗೆ ಹೂವಿನ ತಂಬುಳಿ ಬಡಿಸಿದರು. ಕುಟಜ ಅಂದರೂ ಅದೇ ಗಿಡ, ಬೆಟ್ಟದ ಹೆಸರೂ ಅಲ್ಲಿಂದಲೇ. ನನ್ನ ಕಾಲು ನೋಡಿ ಏನೂ ಹೇಳಲಿಲ್ಲ, ಚೀಲ ಕೈಗೆ ತೆಗೆದುಕೊಂಡು ಮೂಸಿದರು. ಗಂಜಿಗೆ ಏನು ಹಾಕಿದ್ದೇನೆ ಅಂತ ಒಂದೇ ಸಲಕ್ಕೆ ಹೇಳಿಬಿಟ್ಟರು. ಫೋಟೋದವನು ಈಗ ಎರಡು ಜೊತೆ ಕೇಳಿದ್ದಾನೆ. ಅವನಿಗೆ 300 ರೂಪಾಯಿ ಹೇಳಿದ್ದೇನೆ, ಒಂದು ಜೊತೆಗೆ.