ಹಳೆಯ ಬಿಂಗೊ ಪಿನ್‌ಬಾಲ್ ಯಂತ್ರಕ್ಕೆ ಮತ್ತೆ ಜೀವ ಬಂದದ್ದು: ನನ್ನ ಅನುಭವ

ಶಿಕಾಗೋ ನಗರದ ಹೊರವಲಯದಲ್ಲಿರುವ ಮಗಳ ಮನೆಯ ನೆಲಮಾಳಿಗೆಯಲ್ಲಿ ಈಗ ಎರಡು ಬಿಂಗೊ ಪಿನ್‌ಬಾಲ್ ಯಂತ್ರಗಳಿವೆ. ಒಂದು ಆಡುತ್ತದೆ, ಇನ್ನೊಂದು ಬಿಡಿಭಾಗಗಳಿಗೆಂದು ತಂದದ್ದು, ಅರ್ಧ ಬಿಚ್ಚಿದ ಸ್ಥಿತಿಯಲ್ಲಿ ಗೋಡೆಗೆ ಒರಗಿದೆ. ಆಡುವ ಯಂತ್ರದ ಹೆಸರು ‘ಬಿಗ್ ಟೈಮ್’. ಅದನ್ನು ತಯಾರಿಸಿದ್ದು 1955ರಲ್ಲಿ, ಶಿಕಾಗೋದ ಬೆಲ್‌ಮಾಂಟ್ ಅವೆನ್ಯೂದಲ್ಲಿದ್ದ ಬ್ಯಾಲಿ ಕಾರ್ಖಾನೆಯಲ್ಲಿ. ಹುಟ್ಟಿದ ಊರು ಹತ್ತಿರದಲ್ಲೇ ಇದ್ದರೂ ಯಂತ್ರ ನನಗೆ ಸಿಕ್ಕಿದ್ದು ಪಕ್ಕದ ಇಂಡಿಯಾನಾ ರಾಜ್ಯದ ಒಂದು ಹಳ್ಳಿಯ ಕೊಟ್ಟಿಗೆಯಲ್ಲಿ, ಹುಲ್ಲಿನ ಪಿಂಡಿಗಳ ಹಿಂದೆ. ಅದನ್ನು ಇಳಿಸಿಕೊಂಡ ದಿನ ನನ್ನ ಹೆಂಡತಿ ಮೆಟ್ಟಿಲ ಮೇಲೆ ನಿಂತು, “ಏನ್ರೀ ಇದು, ಇಲಿ ಗೂಡಿನ ವಾಸನೆ ಹೊಡೀತಿದೆ, ಒಳಗೆ ತರಬೇಡಿ” ಎಂದಳು. ಅವಳ ಮಾತು ನಿಜವಾಗಿತ್ತು. ಹಿಂಬದಿಯ ಬಾಗಿಲು ತೆಗೆದಾಗ ನಾಣ್ಯದ ಪೆಟ್ಟಿಗೆಯ ಪಕ್ಕದಲ್ಲೇ ಇಲಿಯ ಗೂಡಿತ್ತು.

ಬಿಂಗೊ ಯಂತ್ರವೆಂದರೆ ಏನೆಂದು ಮೊದಲು ಹೇಳಬೇಕು, ಏಕೆಂದರೆ ಪಿನ್‌ಬಾಲ್ ಎಂದೊಡನೆ ಎಲ್ಲರಿಗೂ ನೆನಪಾಗುವ, ಗುಂಡನ್ನು ಮೇಲಕ್ಕೆ ಚಿಮ್ಮಿಸುವ ಫ್ಲಿಪ್ಪರುಗಳು ಇದರಲ್ಲಿಲ್ಲ. ಫ್ಲಿಪ್ಪರ್ 1947ರಲ್ಲೇ ಬಂದಿದ್ದರೂ ಬಿಂಗೊ ತಯಾರಕರು ಅದನ್ನು ಬೇಕೆಂದೇ ಬಿಟ್ಟರು. ಇಳಿಜಾರು ಹಲಗೆಯ ಮೇಲೆ 1ರಿಂದ 25ರವರೆಗೆ ಸಂಖ್ಯೆ ಹಾಕಿದ 25 ಕುಳಿಗಳು, ನಡುವೆ ಮೊಳೆ ಮತ್ತು ಸ್ಪ್ರಿಂಗುಗಳು. ನಾವು ಚಿಕ್ಕವರಿದ್ದಾಗ ಆಡುತ್ತಿದ್ದ ಮೊಳೆ ಹೊಡೆದ ಬಾಗಾಟೆಲ್ ಹಲಗೆಯ ದೊಡ್ಡಣ್ಣ ಎಂದುಕೊಳ್ಳಿ. ಎದುರಿನ ಗಾಜಿನ ಮೇಲೆ ಚೌಕಾಬಾರದ ಮನೆಗಳಂತೆ ಐದೈದರ 25 ಮನೆಗಳು, ಅವುಗಳಲ್ಲಿ ಹೌಸಿ ಚೀಟಿಯಂತೆ ಅಡ್ಡಾದಿಡ್ಡಿಯಾಗಿ ಹಂಚಿದ ಸಂಖ್ಯೆಗಳು. ಐದು ಗುಂಡು ಬಿಟ್ಟು, ಅವು ಕೂತ ಕುಳಿಗಳ ಸಂಖ್ಯೆ ಗಾಜಿನ ಮೇಲೆ ಒಂದೇ ಸಾಲಿನಲ್ಲಿ ಮೂರು, ನಾಲ್ಕು ಅಥವಾ ಐದು ಬೆಳಗಿದರೆ ಆಟಗಾರನಿಗೆ ಉಚಿತ ಆಟಗಳು ಸಿಗುತ್ತವೆ. ಆಟಗಾರನ ಕೈಯಲ್ಲಿರುವುದು ಗುಂಡನ್ನು ಎಷ್ಟು ಬಲದಿಂದ ಬಿಡಬೇಕೆಂಬುದು ಮತ್ತು ಯಂತ್ರವನ್ನು ‘ಟಿಲ್ಟ್’ ಆಗದಷ್ಟು, ಅಂದರೆ ಅತಿಯಾಗಿ ಅಲುಗಿ ಆಟವೇ ರದ್ದಾಗದಷ್ಟು, ಹದವಾಗಿ ಅಲುಗಿಸುವುದು ಮಾತ್ರ.

ಉಚಿತ ಆಟವೆಂಬುದು ಹೆಸರಿಗಷ್ಟೇ. 1951ರ ಜನವರಿಯಲ್ಲಿ ಅಮೆರಿಕದ ಜಾನ್ಸನ್ ಕಾಯಿದೆಯು ಜೂಜಿನ ಯಂತ್ರಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದನ್ನು ನಿರ್ಬಂಧಿಸಿತು. ಅದೇ ವರ್ಷ ಬ್ಯಾಲಿಯ ‘ಬ್ರೈಟ್ ಲೈಟ್ಸ್’, ಯುನೈಟೆಡ್ ಕಂಪನಿಯ ‘ಎಬಿಸಿ’ ಮೊದಲಾದ ಬಿಂಗೊಗಳು ಹೊರಬಂದವು. ಯಂತ್ರ ಹಣ ಉಗುಳುತ್ತಿರಲಿಲ್ಲ, ಅಂಕಿಯನ್ನಷ್ಟೇ ತೋರಿಸುತ್ತಿತ್ತು. ಹಣ ಕೊಡುತ್ತಿದ್ದವನು ಬಾರಿನ ಮಾಲೀಕ. ನನ್ನ ಯಂತ್ರದ ಕೆಳಭಾಗದಲ್ಲಿ, ಆಟಗಾರನ ಕಣ್ಣಿಗೆ ಬೀಳದಂತೆ, ಒಂದು ಚಿಕ್ಕ ಗುಂಡಿಯಿದೆ. ಅದನ್ನು ಒತ್ತಿದರೆ ಗೆದ್ದ ಆಟಗಳೆಲ್ಲ ಸೊನ್ನೆಗೆ ಇಳಿಯುತ್ತವೆ, ಇಳಿದದ್ದೆಷ್ಟೆಂದು ಒಳಗಿನ ಮೀಟರ್ ಬರೆದುಕೊಳ್ಳುತ್ತದೆ. ಬಾರಿನ ಮಾಲೀಕ ಎಷ್ಟು ಹಣ ಕೊಟ್ಟನೆಂಬ ಲೆಕ್ಕ, ಯಂತ್ರವನ್ನು ಆ ಬಾರಿನಲ್ಲಿ ತಂದಿಟ್ಟ ಒಡೆಯನಿಗೆ ಬೇಕಲ್ಲ! ಬರೀ ಮನರಂಜನೆಯ ಯಂತ್ರಕ್ಕೆ ಇಂಥ ಮೀಟರ್ ಏಕೆ ಎಂಬ ಪ್ರಶ್ನೆಗೆ 1957ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಕಾರ್ಪಾನ್ ಪ್ರಕರಣದಲ್ಲಿ ಉತ್ತರ ಕೊಟ್ಟಿತು: ಇವು ಜೂಜಿನ ಸಾಧನಗಳೇ, ಆದ್ದರಿಂದ ವರ್ಷಕ್ಕೆ ಮನರಂಜನೆಯ ಯಂತ್ರದ 10 ಡಾಲರ್ ಅಲ್ಲ, ಜೂಜಿನ ಯಂತ್ರದ 250 ಡಾಲರ್ ತೆರಿಗೆ. 1962ರಲ್ಲಿ ಸಾಗಾಣಿಕೆಯ ಕಾನೂನು ಇನ್ನಷ್ಟು ಬಿಗಿಯಾದ ಮೇಲೆ ಬಿಂಗೊಗಳು ಮುಖ್ಯವಾಗಿ ಹೊರದೇಶಗಳಿಗೆ, ಅದರಲ್ಲೂ ಬೆಲ್ಜಿಯಂನ ಕೆಫೆಗಳಿಗೆ ಹೋಗತೊಡಗಿದವು. ಇಂಥ ಯಂತ್ರವನ್ನು ಮನೆಯಲ್ಲಿಟ್ಟುಕೊಳ್ಳುವ ಬಗ್ಗೆ ಒಂದೊಂದು ರಾಜ್ಯದ ಕಾನೂನು ಒಂದೊಂದು ರೀತಿ. ಕೊಳ್ಳುವವರು ಮೊದಲು ಅದನ್ನು ವಿಚಾರಿಸಿಕೊಳ್ಳಬೇಕು. ಅಳಿಯನ ಒತ್ತಾಯಕ್ಕೆ ನಾನೂ ಹಾಗೆಯೇ ಮಾಡಿದೆ.

ಈ ಹುಚ್ಚು ನನಗೆ ಹಿಡಿದದ್ದಕ್ಕೆ ಜೂಜು ಕಾರಣವಲ್ಲ, ನನ್ನ ಹಳೆಯ ಉದ್ಯೋಗ ಕಾರಣ. ನಾನು ದೂರವಾಣಿ ಇಲಾಖೆಯಲ್ಲಿದ್ದವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಎಕ್ಸ್‌ಚೇಂಜು ಸ್ಟ್ರೌಜರ್ ಪದ್ಧತಿಯದು. ಬೆಂಗಳೂರಿನ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ತಯಾರಿಸಿದ, ಕರೆಗೆ ದಾರಿ ಹುಡುಕುವ ಸೆಲೆಕ್ಟರುಗಳು ಸಾಲುಸಾಲಾಗಿ ರಾತ್ರಿಯಿಡೀ ಟಕಟಕ ಎನ್ನುತ್ತಿದ್ದವು. ಎಲ್ಲೋ ಒಬ್ಬರು ಡಯಲ್ ತಿರುಗಿಸಿದರೆ ಇಲ್ಲಿ ವೈಪರ್ ಎಂಬ ಲೋಹದ ಬೆರಳು ಹೆಜ್ಜೆ ಹೆಜ್ಜೆಯಾಗಿ ಏರಿ, ಬ್ಯಾಂಕ್ ಎಂಬ ಕಾಂಟ್ಯಾಕ್ಟುಗಳ ಸಾಲಿನ ಮೇಲೆ ಸರಿದು, ಸರಿಯಾದ ಕಾಂಟ್ಯಾಕ್ಟಿನ ಮೇಲೆ ನಿಲ್ಲುತ್ತಿತ್ತು. ಮುಂದೆ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳು ಬಂದು ಆ ಸದ್ದೇ ನಿಂತುಹೋಯಿತು. ನಿವೃತ್ತಿಯ ನಂತರ ಇಲ್ಲಿಗೆ ಬಂದಾಗ ಒಬ್ಬ ಸಂಗ್ರಾಹಕರ ಗ್ಯಾರೇಜಿನಲ್ಲಿ ಹಿಂಬಾಗಿಲು ತೆರೆದಿಟ್ಟ ಬಿಂಗೊ ಯಂತ್ರವೊಂದು ಅದೇ ಸದ್ದು ಮಾಡುತ್ತಿತ್ತು. ಬೇಕಲೈಟ್ ಬಿಲ್ಲೆಗಳ ಮೇಲೆ ವೃತ್ತಾಕಾರವಾಗಿ ಕೂರಿಸಿದ ರಿವೆಟ್ಟುಗಳು, ಅವುಗಳ ಮೇಲೆ ಸುತ್ತುವ ವೈಪರುಗಳು, ವಿದ್ಯುತ್ ಹರಿದಾಗ ತಾವೇ ಕೂಡಿ ಬಿಡುವ ರಿಲೇ ಎಂಬ ಸ್ವಿಚ್ಚುಗಳ ಸಾಲು ಸಾಲು: ನನಗೆ ಅಕ್ಷರಮಾಲೆ ಗೊತ್ತಿರುವ ಭಾಷೆಯಲ್ಲಿ ಬರೆದ ಹೊಸ ಪುಸ್ತಕ ಕಂಡಂತಾಯಿತು. ಸ್ಟ್ರೌಜರ್ ಯಂತ್ರಗಳನ್ನು ಮೊದಲು ತಯಾರಿಸಿದ ಆಟೊಮ್ಯಾಟಿಕ್ ಎಲೆಕ್ಟ್ರಿಕ್ ಕಂಪನಿಯೂ ಇದೇ ಶಿಕಾಗೋದ್ದು ಎಂಬುದು ಆಮೇಲೆ ತಿಳಿಯಿತು.

ದುರಸ್ತಿ ಎಂದರೆ ಒಡನೆಯೇ ವಿದ್ಯುತ್ ಕೊಟ್ಟು ನೋಡುವುದು ಎಂದು ಹೊಸಬರು ಭಾವಿಸುತ್ತಾರೆ. ನಾನು ಮೊದಲ ಎರಡು ತಿಂಗಳು ಪ್ಲಗ್ಗನ್ನು ಗೋಡೆಯ ಹತ್ತಿರಕ್ಕೂ ಒಯ್ಯಲಿಲ್ಲ. ತಂತಿಗಳ ಬಟ್ಟೆಯ ಹೊದಿಕೆಯನ್ನು ಇಲಿಗಳು ಎಲ್ಲೆಲ್ಲಿ ಕಡಿದಿವೆ ಎಂದು ಒಂದೊಂದಾಗಿ ನೋಡಿದೆ. ಫ್ಯೂಸ್ ಇರಬೇಕಾದ ಜಾಗದಲ್ಲಿ ಯಾರೋ ಸಿಗರೇಟು ಪ್ಯಾಕಿನ ಬೆಳ್ಳಿಕಾಗದ ಸುತ್ತಿದ್ದರು; ಹಾಗೆಯೇ ಸ್ವಿಚ್ ಹಾಕಿದ್ದರೆ ಟ್ರಾನ್ಸ್‌ಫಾರ್ಮರ್ ಸುಟ್ಟು ನೆಲಮಾಳಿಗೆಯಲ್ಲಿ ಹೊಗೆಯೇಳುತ್ತಿತ್ತು. ಹಳೆಯ ಎರಡು ಪಿನ್ನಿನ ವೈರ್ ತೆಗೆದು ಮೂರು ಪಿನ್ನಿನದು ಹಾಕಿ, ಲೋಹದ ಭಾಗಗಳಿಗೆಲ್ಲ ಅರ್ತ್ ಕೊಟ್ಟೆ. ಮೂಲದಂತೆಯೇ ಇರಬೇಕೆನ್ನುವ ಸಂಗ್ರಾಹಕರು ಇದಕ್ಕೆ ಮೂಗು ಮುರಿಯಬಹುದು; ಮೊಮ್ಮಗಳು ಮುಟ್ಟುವ ಯಂತ್ರಕ್ಕೆ ಅರ್ತ್ ಇರಲೇಬೇಕು ಎಂಬುದು ನನ್ನ ಹಠ.

ನಿಜವಾದ ಶತ್ರು ಜಿಡ್ಡು. ಅರುವತ್ತು ವರ್ಷಗಳ ಹಿಂದೆ ಹಾಕಿದ ಗ್ರೀಸು ಗಾಳಿಗೆ, ಧೂಳಿಗೆ, ಸಿಗರೇಟಿನ ಹೊಗೆಗೆ ಗಟ್ಟಿಯಾಗಿ, ತಳ ಹಿಡಿದ ಬೆಲ್ಲದ ಪಾಕದ ಹಾಗೆ ಆಗಿತ್ತು. ಹೆಜ್ಜೆ ಹೆಜ್ಜೆಯಾಗಿ ಎಣಿಸಿ ಮತ್ತೆ ಸೊನ್ನೆಗೆ ಮರಳುವ ಯೂನಿಟ್ಟು ಹೀಗಿರಬೇಕು: ಕಾಯಿಲ್ ಎಂಬ ವಿದ್ಯುತ್ ಅಯಸ್ಕಾಂತ ಎಳೆದಾಗ ಒಂದು ಹಲ್ಲು ಮುಂದೆ ಹೋಗಬೇಕು, ಬಿಟ್ಟಾಗ ತಡೆಗೋಲು ಕಚ್ಚಿಕೊಳ್ಳಬೇಕು, ಮರಳಿಸುವ ಕಾಯಿಲ್ ತಡೆಗೋಲನ್ನು ಎತ್ತಿದಾಗ ಸ್ಪ್ರಿಂಗಿನ ಬಲದಿಂದ ಸರ್ರನೆ ಸೊನ್ನೆಗೆ ಬರಬೇಕು. ನನ್ನ ಯಂತ್ರದಲ್ಲಿ ಉಚಿತ ಆಟಗಳನ್ನು ಎಣಿಸುವ ರಿಜಿಸ್ಟರು ಮುಂದಕ್ಕೆ ಹೋಗುತ್ತಿತ್ತು, ಹಿಂದಕ್ಕೆ ಮಾತ್ರ ಮುನಿಸಿಕೊಂಡ ಮಗುವಿನಂತೆ ಅಲ್ಲೇ ನಿಲ್ಲುತ್ತಿತ್ತು. ಅಂಥ ಹೊತ್ತಿನಲ್ಲಿ ಸ್ಪ್ರಿಂಗನ್ನು ಇನ್ನೊಂದು ಸುತ್ತು ಬಿಗಿ ಮಾಡುವ ಆಸೆಯಾಗುತ್ತದೆ. ಮಾಡಬಾರದು. ಹಿಂದಿನವರು ಮಾಡಿದ್ದೂ ಅದನ್ನೇ. ಸ್ಪ್ರಿಂಗ್ ಬಿಗಿಯಾದರೆ ಮುಂದಕ್ಕೆ ಎಳೆಯುವ ಕಾಯಿಲ್‌ಗೆ ಬಲ ಸಾಲದು, ಆಗ ಅದರ ಎಳೆತವನ್ನು ತಿದ್ದುತ್ತಾರೆ, ಅದರಿಂದ ಇನ್ನೊಂದು ಕೆಡುತ್ತದೆ. ಯೂನಿಟ್ಟನ್ನು ಪೂರ್ತಿ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು, ಅಚ್ಚು ತನ್ನಷ್ಟಕ್ಕೆ ತಾನು ತಿರುಗುವವರೆಗೆ ಒರೆಸಿದರೆ ಮೂಲ ಬಿಗಿತದಲ್ಲೇ ಅದು ಓಡುತ್ತದೆ. ಬಿಚ್ಚುವ ಮೊದಲು ಪ್ರತಿ ಹಂತದಲ್ಲೂ ಫೋಟೊ ತೆಗೆದಿಟ್ಟುಕೊಳ್ಳಬೇಕು. ವೈಪರ್ ಒಂದು ರಿವೆಟ್ಟಿನಷ್ಟು ಆಚೀಚೆ ಕೂತರೂ ಯಂತ್ರದ ಲೆಕ್ಕವೆಲ್ಲ ತಲೆಕೆಳಗು.

ಬಿಲ್ಲೆಗಳ ರಿವೆಟ್ಟುಗಳನ್ನು ತೀರ ನುಣುಪಾದ ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿ, ಆಲ್ಕೋಹಾಲಿನಿಂದ ಒರೆಸುತ್ತೇನೆ. ಸ್ಟೀಲ್ ವುಲ್ ಬಳಸಲೇಬಾರದು. ಅದರ ಕೂದಲಿನಂಥ ಎಳೆ ಎರಡು ರಿವೆಟ್ಟುಗಳ ನಡುವೆ ಬಿದ್ದರೆ ಆಮೇಲೆ ಹುಡುಕುವವನ ಕೂದಲೇ ನೆರೆಯುತ್ತದೆ. ರಿಲೇ ಕಾಂಟ್ಯಾಕ್ಟುಗಳಿಗೆ ಅರ ಹಾಕುವುದೂ ಅಷ್ಟೇ ಅಪಾಯ. ಎಕ್ಸ್‌ಚೇಂಜಿನಲ್ಲಿ ನಮಗೆ ಕಲಿಸಿದ ಹಿರಿಯರು, “ಮೊದಲು ಕಾಗದ ಎಳೆ, ಆಮೇಲೆ ಅರ” ಎನ್ನುತ್ತಿದ್ದರು. ಒರಟಾದ ಬಿಳಿ ಕಾಗದದ ಪಟ್ಟಿಯನ್ನು ಕಾಂಟ್ಯಾಕ್ಟುಗಳ ನಡುವೆ ಇಟ್ಟು, ಅವನ್ನು ಮೆಲ್ಲಗೆ ಒತ್ತಿ ಹಿಡಿದು ಎಳೆದರೆ ಕಪ್ಪು ಗೆರೆ ಮೂಡುತ್ತದೆ. ಗೆರೆ ಮೂಡದವರೆಗೆ ಎಳೆದರೆ ಹತ್ತರಲ್ಲಿ ಎಂಟು ರಿಲೇಗಳಿಗೆ ಅದೇ ಸಾಕು.

ತಪ್ಪು ನನ್ನಿಂದಲೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಎದುರಿನ ಗಾಜಿನ ಚಿತ್ರವನ್ನು ಗಾಜಿನ ಒಳಮೈಗೆ ಪದರ ಪದರವಾಗಿ ಅಚ್ಚುಹಾಕಿರುತ್ತಾರೆ. ಮುಂಭಾಗ ಹೊಳೆಯುತ್ತಿದ್ದುದನ್ನು ನೋಡಿ, ಹಿಂಭಾಗವೂ ಗಟ್ಟಿಯಾಗಿದೆಯೆಂದು ನಂಬಿ, ಹಿಂಡಿದ ಒದ್ದೆ ಬಟ್ಟೆಯಿಂದ ಒಂದು ಸಲ ಒರೆಸಿದೆ. ಬಟ್ಟೆಯಲ್ಲಿ ಕೆಂಪು ಬಣ್ಣದ ಹಪ್ಪಳದಂಥ ಚೂರೊಂದು ಬಂತು. ಮುಂದೆ ಬಂದು ನೋಡಿದರೆ ಚಿತ್ರದಲ್ಲಿ ಹೆಬ್ಬೆರಳಗಲದ ಬೆಳಕಿನ ಕಿಂಡಿ. ಬಣ್ಣ ಎದ್ದಿರುವ ಗಾಜನ್ನು ಒಣ ಕುಂಚದಿಂದ ಧೂಳು ತೆಗೆಯುವುದಕ್ಕಿಂತ ಹೆಚ್ಚಾಗಿ ಮುಟ್ಟಬಾರದು. ಸಣ್ಣ ಮೂಲೆಯೊಂದರಲ್ಲಿ ಪರೀಕ್ಷಿಸಿ, ಆಮೇಲೆ ಪಾರದರ್ಶಕ ಲೇಪವನ್ನು ತೆಳ್ಳಗೆ ಹಲವು ಸಲ ಸಿಂಪಡಿಸಿ ಬಣ್ಣವನ್ನು ಹಿಡಿದಿಡಬೇಕು. ಕಿಂಡಿಯನ್ನು ಹೊಂದುವ ಬಣ್ಣದಿಂದ ತುಂಬಿದ್ದೇನೆ. ಹಗಲಿನಲ್ಲಿ ಕಾಣದು, ಹಿಂದಿನ ಬಲ್ಬು ಹೊತ್ತಿದಾಗ ಮಾತ್ರ ನನ್ನ ತೇಪೆ ಸ್ವಲ್ಪ ಕಪ್ಪಾಗಿ ಎದ್ದು ಕಾಣುತ್ತದೆ.

ವಿದ್ಯುತ್ ಕೊಟ್ಟ ಮೇಲಿನ ಕೆಲಸವೇ ಬೇರೆ. ಮೋಟಾರ್ ತಿರುಗಿತು, ಬಲ್ಬುಗಳು ಹೊತ್ತಿದವು, ನಾಣ್ಯಕ್ಕೆ ಯಂತ್ರ ಉತ್ತರ ಕೊಟ್ಟಿತು, ಆದರೆ ಗೆಲುವಿನ ಲೆಕ್ಕದಲ್ಲಿ ವಿಚಿತ್ರ ದೋಷವೊಂದು ಉಳಿಯಿತು. ಬಹುತೇಕ ಸಾಲುಗಳಲ್ಲಿ ಮೂರು ಬೆಳಗಿದರೆ ಸರಿಯಾಗಿ ಎಣಿಸುತ್ತಿದ್ದ ಯಂತ್ರ, ಒಂದು ನಿರ್ದಿಷ್ಟ ಸಂಖ್ಯೆ ಸೇರಿದ ಸಾಲುಗಳಿಗೆ ಮಾತ್ರ ಒಮ್ಮೆ ಕೊಡುತ್ತಿತ್ತು, ಒಮ್ಮೆ ಕೊಡುತ್ತಿರಲಿಲ್ಲ. ಗಾಜಿನ ಮೇಲೆ ಆ ಸಂಖ್ಯೆಯ ದೀಪ ಸ್ಥಿರವಾಗಿಯೇ ಉರಿಯುತ್ತಿತ್ತು, ಹೀಗಾಗಿ ಕುಳಿಯ ಕೆಳಗಿನ ಸ್ವಿಚ್ಚಿನ ಮೇಲೆ ಅನುಮಾನ ಪಡುವಂತಿರಲಿಲ್ಲ. ಊಟದ ಮೇಜಿನ ಮೇಲೆ ಸರ್ಕ್ಯೂಟ್ ನಕ್ಷೆ ಹಾಸಿದರೆ ಅಂಚು ಕೆಳಕ್ಕೆ ಜೋತುಬೀಳುತ್ತಿತ್ತು. ಅದರ ಮೇಲೆ ಬಣ್ಣದ ಪೆನ್ಸಿಲಿನಿಂದ ಆ ಸಂಖ್ಯೆಯ ದಾರಿಯನ್ನು ಹಿಡಿದು ಹೊರಟೆ. ಗೆಲುವನ್ನು ಹುಡುಕುವಾಗ ವೈಪರುಗಳು ಒಂದೊಂದೇ ಸಾಲನ್ನು ಮುಟ್ಟುತ್ತ ಹೋಗುತ್ತವೆ; ಒತ್ತಟ್ಟಿಗೆ ಮೂರು ಸಿಕ್ಕಿದರೆ ರಿಲೇ ಎಳೆದು ರಿಜಿಸ್ಟರು ಎಣಿಸಲು ಆರಂಭಿಸುತ್ತದೆ. ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ತಂತಿಗೆ ಸಿಕ್ಕಿಸಿ, ಮೋಟಾರನ್ನು ಕೈಯಿಂದ ತಿರುಗಿಸುತ್ತ ಮೂರು ರಾತ್ರಿ ಕೂತೆ. ಗಾಜಿರುವ ಮೇಲಿನ ಪೆಟ್ಟಿಗೆ ಮತ್ತು ಕುಳಿಗಳಿರುವ ಕೆಳಗಿನ ಪೆಟ್ಟಿಗೆಗಳ ನಡುವೆ ತಂತಿಗಳನ್ನು ಕೂಡಿಸುವ ಪಟ್ಟಿಪ್ಲಗ್ಗಿನ ಒಂದು ಪಿನ್ನಿನ ಬೆಸುಗೆ ಬಿರುಕುಬಿಟ್ಟಿತ್ತು, ಕೂದಲಿನಷ್ಟು. ತಂತಿ ಅಲುಗಿದಾಗ ಕೂಡುತ್ತಿತ್ತು, ಮೋಟಾರಿನ ಅದುರಿಗೆ ಬಿಡುತ್ತಿತ್ತು. ಹೊಸ ಬೆಸುಗೆ ಹಾಕಲು ಹಿಡಿದದ್ದು ಅರ್ಧ ನಿಮಿಷ.

ಇನ್ನು ರಿಫ್ಲೆಕ್ಸ್ ಯೂನಿಟ್ಟು. ಬಿಂಗೊ ಯಂತ್ರದಲ್ಲಿ ಆಟಗಾರ ಒಂದೇ ಆಟಕ್ಕೆ ನಿಕಲ್ ಮೇಲೆ ನಿಕಲ್, ಅಂದರೆ ಐದೈದು ಸೆಂಟಿನ ನಾಣ್ಯಗಳನ್ನು, ಹಾಕುತ್ತಲೇ ಹೋಗಬಹುದು. ಪ್ರತಿ ನಾಣ್ಯಕ್ಕೂ ಗೆಲುವಿನ ಮೊತ್ತ ಏರಬಹುದು, ಏರದೆಯೂ ಇರಬಹುದು. ಐದು ಗುಂಡು ಮುಗಿದ ಮೇಲೆ ಮತ್ತೆ ನಾಣ್ಯ ಸುರಿದು ಹೆಚ್ಚುವರಿ ಗುಂಡಿಗೆ ಆಸೆಪಡಬಹುದು. ಏರಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವವು ಮಿಕ್ಸರ್ ಎಂಬ ಬಿಲ್ಲೆಗಳು. ನಾಣ್ಯ ಬಿದ್ದಂತೆಲ್ಲ ಸುತ್ತಿ, ದಾರಿಗಳನ್ನು ಕಲಸಿ, ಒಮ್ಮೆ ಬಾಗಿಲು ತೆರೆಯುತ್ತವೆ, ಒಮ್ಮೆ ಮುಚ್ಚುತ್ತವೆ. ರಿಫ್ಲೆಕ್ಸ್ ಅವುಗಳ ಮೇಲೆ ಕೂತ ಶಾನುಭೋಗ. ಯಂತ್ರಕ್ಕೆ ಹಣ ಬಂದಂತೆಲ್ಲ ಇದು ಧಾರಾಳದ ಕಡೆಗೆ ಸರಿಯುತ್ತದೆ, ಆಟಗಾರ ಗೆದ್ದಂತೆಲ್ಲ ಬಿಗಿಯ ಕಡೆಗೆ ಸರಿದು ಕೆಲವು ದಾರಿಗಳನ್ನು ಮುಚ್ಚುತ್ತದೆ. ಇಲ್ಲಿ ಚಿಪ್ಪಿಲ್ಲ, ಪ್ರೋಗ್ರಾಮಿಲ್ಲ; ಒಂದು ಹಲ್ಲಿನ ಚಕ್ರ ಮತ್ತು ಹಿಡಿಯಷ್ಟು ರಿವೆಟ್ಟುಗಳಲ್ಲಿ ಬಾರಿನ ಲಾಭವನ್ನು ಕಾಯುವ ಬುದ್ಧಿ ಅಡಗಿದೆ. ಅದನ್ನು ರೂಪಿಸಿದವರ ಜಾಣತನಕ್ಕೆ ನಾನು ತಲೆದೂಗುತ್ತೇನೆ, ಸ್ವಲ್ಪ ಮೈಯೂ ನಡುಗುತ್ತದೆ.

ನನ್ನ ಯಂತ್ರದಲ್ಲಿ ಆ ಯೂನಿಟ್ಟು ತೀರ ಬಿಗಿಯ ತುದಿಯಲ್ಲಿ ಅಂಟಿಕೊಂಡಿತ್ತು. ಮನೆಯಲ್ಲಿಡುವ ಯಂತ್ರಕ್ಕೆ ಅದನ್ನು ಧಾರಾಳದ ತುದಿಯಲ್ಲೇ ಕಟ್ಟಿಹಾಕುವವರು ಇದ್ದಾರೆ; ನಾನೂ ಹಾಗೆ ಯೋಚಿಸಿ ಒಂದು ವಾರ ಹಾಗೆಯೇ ಇಟ್ಟೆ. ಯಂತ್ರ ಕೇಳಿದ್ದೆಲ್ಲ ಕೊಡತೊಡಗಿತು, ಮೊಮ್ಮಗಳು ನಾಲ್ಕನೆಯ ದಿನಕ್ಕೆ, “ತಾತಾ, ಇದು ಬೋರು” ಎಂದು ಎದ್ದುಹೋದಳು. ಕಟ್ಟು ಬಿಚ್ಚಿ, ತೊಳೆದು, ಮೂಲದಂತೆ ಓಡಲು ಬಿಟ್ಟೆ. ಸೋಲಿಸಲೆಂದೇ ಕಟ್ಟಿದ ಯಂತ್ರ ಸೋಲಿಸಿದರೇನೇ ಅದರ ಒಳಗು ಅರ್ಥವಾಗುವುದು, ಮೇಲಾಗಿ ನಮ್ಮ ನಿಕಲ್ಲುಗಳು ಒಂದೇ ಡಬ್ಬಿಯಿಂದ ಹೋಗಿ ಅದೇ ಡಬ್ಬಿಗೆ ಮರಳುತ್ತವೆ.

ಈಗ ಉಳಿದಿರುವ ದೋಷ ಒಂದೇ. ಜನವರಿಯಲ್ಲಿ ನೆಲಮಾಳಿಗೆ ತಣ್ಣಗಾದಾಗ ಎರಡನೆಯ ಮಿಕ್ಸರು ಬೆಳಗಿನ ಮೊದಲ ನಾಲ್ಕೈದು ನಾಣ್ಯಗಳಿಗೆ ಹೆಜ್ಜೆಯಿಡುವುದಿಲ್ಲ, ಹತ್ತು ನಿಮಿಷ ಯಂತ್ರ ಬೆಚ್ಚಗಾದ ಮೇಲೆ ಸರಿಹೋಗುತ್ತದೆ. ಅಚ್ಚಿನ ಒಳಗೆಲ್ಲೋ ನನ್ನ ಕೈಗೆ ಸಿಗದ ಹಳೆಯ ಗ್ರೀಸು ಇನ್ನೂ ಇರಬೇಕು. ಗೋಡೆಗೆ ಒರಗಿರುವ ಎರಡನೆಯ ಯಂತ್ರದಿಂದ ಅದೇ ಮಾದರಿಯ ಯೂನಿಟ್ಟನ್ನು ಬಿಚ್ಚಿ ಆಲ್ಕೋಹಾಲಿನಲ್ಲಿ ಹಾಕಿಟ್ಟಿದ್ದೇನೆ. ಅದು ಸಲೀಸಾಗಿ ತಿರುಗಿದರೆ ಈ ಚಳಿಗಾಲದೊಳಗೆ ಬದಲಾಯಿಸುತ್ತೇನೆ.